ಕಾಲು ಬೀಳಬಾರದು ಎಂದ ಡಾಕ್ಟರು

ನನ್ನ ಬಾಯಿ ಜೋರು. ಇದನ್ನು ನಾನೇ ಮೊದಲು ಹೇಳಿಬಿಡುವುದು ಒಳ್ಳೆಯದು. ಇಲ್ಲದಿದ್ದರೆ ಬನಹಟ್ಟಿಯ ನಮ್ಮ ಓಣಿಯಲ್ಲಿ ಯಾರನ್ನು ಕೇಳಿದರೂ ಅವರು ಹೇಳಿಯೇ ಹೇಳುತ್ತಾರೆ. ಓಣಿಯ ತುಂಬ ಪವರ್‌ಲೂಮ್‌ಗಳ ಖಟಖಟ. ಆ ಸಪ್ಪಳದ ಮೇಲೆ ಮಾತಾಡಿ ಮಾತಾಡಿ ಇಲ್ಲಿ ಎಲ್ಲರ ದನಿಯೂ ದೊಡ್ಡದು. ನಾನು ಅದರ ಮೇಲೆ ಕನ್ನಡ ಶಾಲೆಯ ಟೀಚರು ಬೇರೆ. ಮದುವೆಯಾಗಿ ಬಂದಾಗಿನಿಂದ ಅತ್ತೆಯ ಕೈಯಲ್ಲಿ ನಾನು ಬೈಸಿಕೊಂಡದ್ದು ಅಡುಗೆಗಲ್ಲ, ಈ ಬಾಯಿಗೆ. ಆದರೆ ಆ ದಿನ ಮುಧೋಳದಿಂದ ಬೀಳಗಿಗೆ ಹೋಗುವ ದಾರಿಯ ಮೇಲೆ ಮೊದಲು ನನ್ನ ಕೈ ಹಿಡಿದದ್ದು ಈ ಬಾಯಿಯೇ.

ಬಾಡಗಂಡಿಯಲ್ಲಿ ನಾದಿನಿಯ ಮೊಮ್ಮಗುವಿನ ತೊಟ್ಟಿಲ ಕಾರ್ಯ ಇತ್ತು. ನನ್ನ ಗಂಡ ಕಾರು ನಡೆಸುತ್ತಿದ್ದರು, ಹಿಂದಿನ ಸೀಟಿನಲ್ಲಿ ಅತ್ತೆ. ಅವರಿಗೆ ಎಪ್ಪತ್ತು ದಾಟಿದೆ, ಮೊಣಕಾಲು ಬಹಳ ಹೊತ್ತು ಮಡಚಿ ಕೂರಲಾಗದು. ಅವರು ಕಾಲು ಚಾಚಿಕೊಳ್ಳಲಿ ಎಂದು ನನ್ನ ಸೀಟನ್ನು ಮುಂದಕ್ಕೆ ಸರಿಸಿದ್ದೆವು. ಮೊಣಕಾಲು ಎದುರಿನ ಡ್ಯಾಶ್‌ಬೋರ್ಡಿಗೆ ತಾಗುವಷ್ಟು ಇಕ್ಕಟ್ಟು. ಅದರಲ್ಲೂ ನಾನು ಕಾಲ ಮೇಲೆ ಕಾಲು ಹಾಕಿ ಕೂತವಳು. ಕಬ್ಬಿನ ಹಂಗಾಮು, ಮುಂದೆ ಎರಡು ಟ್ರೇಲರ್ ಕಟ್ಟಿಕೊಂಡು ಟ್ರ್ಯಾಕ್ಟರ್ ಒಂದು ಓಲಾಡುತ್ತ ಹೋಗುತ್ತಿತ್ತು. ಅದು ಏನನ್ನು ಕಂಡಿತೋ, ಗಪ್ಪನೆ ನಿಂತಿತು. ನಮ್ಮ ಬ್ರೇಕು ಹತ್ತಿತು, ಆದರೆ ಸ್ವಲ್ಪ ತಡವಾಗಿ ಹತ್ತಿತು.

ಕಾರಿಗೆ ಆದದ್ದು ಕಡಿಮೆ. ಬೆಲ್ಟು ಹಾಕಿದ್ದರಿಂದ ತಲೆ, ಎದೆ ಎಲ್ಲ ಕ್ಷೇಮ. ಅತ್ತೆಗೆ ಹಣೆ ಸ್ವಲ್ಪ ತರಚಿತ್ತು. ನನ್ನ ಮೊಣಕಾಲು ಮಾತ್ರ ಡ್ಯಾಶ್‌ಬೋರ್ಡಿಗೆ ನೆಟ್ಟಗೆ ಬಡಿದು, ಆ ಹೊಡೆತ ತೊಡೆಯ ಉದ್ದಕ್ಕೂ ಹಿಂದಕ್ಕೆ ಹೋಗಿ, ಸೊಂಟದ ಬದಿಯ ಚಪ್ಪೆಯಲ್ಲಿ ಏನೋ ಕಳಚಿತು. ಎಂಥ ನೋವು ಅದು! ಎರಡು ಹಡೆದವಳು ನಾನು, ಆದರೂ ಯವ್ವಾ ಎಂದು ಕೂಗಿದ್ದು ಅರ್ಧ ಊರಿಗೆ ಕೇಳಿರಬೇಕು. ಕಾರಿನಿಂದ ಎತ್ತಿ ಕೆಳಗೆ ಮಲಗಿಸಿದಾಗ ನೋಡುತ್ತೇನೆ, ಬಲಗಾಲು ಎಡಗಾಲಿಗಿಂತ ಗಿಡ್ಡವಾಗಿದೆ. ಮೊಣಕಾಲು ಮಡಚಿ, ಒಳಕ್ಕೆ ತಿರುಗಿ, ನಾಚಿಕೊಂಡ ಹುಡುಗಿಯ ಹಾಗೆ ಎಡಗಾಲಿನ ಮೇಲೆ ಒರಗಿದೆ. ಸೀದಾ ಮಾಡೋಣವೆಂದರೆ ಆ ಕಾಲು ನನ್ನ ಮಾತನ್ನೇ ಕೇಳಲೊಲ್ಲದು.

ನಮ್ಮ ಕಡೆಯ ಜನ ಒಳ್ಳೆಯವರು. ಒಬ್ಬರು ಬಿದ್ದರೆ ಇಪ್ಪತ್ತು ಮಂದಿ ಓಡಿ ಬರುತ್ತಾರೆ, ಇಪ್ಪತ್ತು ಮಂದಿಯೂ ಡಾಕ್ಟರಾಗಿರುತ್ತಾರೆ. ಕಬ್ಬು ಕಡಿಯುವವರು, ಬೈಕಿನವರು, ಟ್ರ್ಯಾಕ್ಟರಿನವನು, ಎಲ್ಲರೂ ನನ್ನ ಸುತ್ತ ನಿಂತರು.

"ಕಾಲು ತಿರುವಿ ಕುಂತೈತಿ. ನೀ ರಟ್ಟಿ ಹಿಡಿ, ನಾ ಪಾದ ಹಿಡದು ಜಗ್ಗತೇನಿ. ಒಂದ ಏಟಿಗೆ ಸೀದಾ ಆಗತೈತಿ," ಎಂದ ಒಬ್ಬ ದಪ್ಪ ಮೀಸೆಯವನು, ತೋಳು ಏರಿಸುತ್ತ.

"ಮುಟ್ಟಿದ್ರ ನೋಡಾ!" ಎಂದೆ ನಾನು. "ಮುಟ್ಟಿದ ಕೈ ಸೇದಿ ಹೋಗ್ಲಿ! ನಿನ್ನ ಕಾಲು ಜಗ್ಗಿಕೋ ಹೋಗು! ನನ್ನ ಕಾಲು ಎತ್ತಿನ ಹಗ್ಗ ಅಂತ ಮಾಡೀಯೇನ?" ಇನ್ನೂ ಏನೇನೋ ಅಂದೆ. ಅದನ್ನೆಲ್ಲ ಬರೆದರೆ ನಾಳೆ ಶಾಲೆಯಲ್ಲಿ ಮಕ್ಕಳಿಗೆ ಮುಖ ತೋರಿಸುವುದು ಕಷ್ಟ.

ಅವನು ನಾಲ್ಕು ಹೆಜ್ಜೆ ಹಿಂದೆ ಸರಿದ. "ಏನ್ ಬಾಯಿಪಾ ಈ ಅಕ್ಕಂದು!" ಎಂದು ಪಕ್ಕದವನಿಗೆ ಹೇಳಿದ್ದು ಕೇಳಿಸಿತು. ಬಾಯಿ ಇದ್ದವರು ಬರಗಾಲದಲ್ಲೂ ಬದುಕುತ್ತಾರಂತೆ. ಆಮೇಲೆ ಡಾಕ್ಟರು ಹೇಳಿದರು, ಎಲುಬಿನ ಫೋಟೊ ತೆಗೆಯದೆ ಹಾಗೆ ಜಗ್ಗಿದ್ದರೆ ಎಲುಬು ಮುರಿಯಬಹುದಿತ್ತು, ಹಿಂದೆ ಹಾಯ್ದು ಹೋಗುವ ದೊಡ್ಡ ನರಕ್ಕೆ ಪೆಟ್ಟಾಗಿ ಪಾದವೇ ಜೋತು ಬೀಳಬಹುದಿತ್ತು ಎಂದು. ಆ ಮೀಸೆಯವನ ಮೇಲೆ ನನಗೆ ಈಗ ಸಿಟ್ಟಿಲ್ಲ. ನೆಲದ ಮೇಲಿದ್ದ ನನ್ನ ತಲೆಗೆ ತನ್ನ ಟವೆಲು ಮಡಚಿ ಇಟ್ಟವನೂ ಅವನೇ.

ಅಷ್ಟರಲ್ಲಿ ಇನ್ನೊಬ್ಬ ಹಿರಿಯರು, ಹತ್ತಿರದ ಹಳ್ಳಿಯಲ್ಲಿ ಎಲುಬು ಕಟ್ಟುವವರಿದ್ದಾರೆ, ಅಲ್ಲಿಗೆ ಒಯ್ಯಿರಿ ಎಂದರು. ನನ್ನ ಗಂಡ ತಾಯಿಯ ಮುಖ ನೋಡಿದರು. ಹಣೆಯ ರಕ್ತ ಒರೆಸಿಕೊಳ್ಳುತ್ತ ಕೂತಿದ್ದ ಅತ್ತೆ ತಮ್ಮ ಎಡಗೈ ಮೇಲೆತ್ತಿ ತೋರಿಸಿದರು. ಮಣಿಕಟ್ಟಿನ ಹತ್ತಿರ ಸೊಟ್ಟಗಿರುವ ಕೈ ಅದು, ಹರೆಯದಲ್ಲಿ ಬಾವಿಯ ಹತ್ತಿರ ಬಿದ್ದಾಗ ಕಟ್ಟಿಸಿದ್ದು.

"ಇದನ್ನ ನೋಡ್ರಿ ಯಪ್ಪಾ. ಕಟ್ಟಿದ್ದು ಛಲೋನ ಕಟ್ಟಿದ್ರು, ಕೂಡಿದ್ದು ಸೊಟ್ಟ ಕೂಡ್ತು. ನನಗೇನ, ಸೊಟ್ಟ ಕೈಲೆ ರೊಟ್ಟಿ ಬಡದೆ. ಆಕಿ ಸೊಟ್ಟ ಕಾಲಿಲೆ ಸಾಲಿಗೆ ಹೆಂಗ ಹೋಗ್ಯಾಳು? ದವಾಖಾನಿಗೆ ನಡೀರಿ."

ಮುಧೋಳದ ಆಸ್ಪತ್ರೆಯಲ್ಲಿ ನೋವಿಗೆ ಇಂಜೆಕ್ಷನ್ ಕೊಟ್ಟು ಫೋಟೊ ತೆಗೆದರು. ಚಪ್ಪೆಯ ಕೀಲು ತಪ್ಪಿದೆ, ಅರಿವಳಿಕೆ ಕೊಟ್ಟು ಕೂಡಿಸಬೇಕು, ಅದಕ್ಕೆ ಬೇಕಾದವರೆಲ್ಲ ಈ ಹೊತ್ತು ಜಮಖಂಡಿಯಲ್ಲಿದ್ದಾರೆ, ತಡ ಮಾಡಬೇಡಿ ಎಂದು ಅವರೇ ಫೋನು ಮಾಡಿ ಆಂಬುಲೆನ್ಸ್ ಹತ್ತಿಸಿದರು. ಕಾಲು ಹೇಗಿತ್ತೋ ಹಾಗೇ ಇರಲಿ ಎಂದು ಮೊಣಕಾಲ ಕೆಳಗೆ ದಿಂಬು ಕೊಟ್ಟರು. ಆ ಆಸ್ಪತ್ರೆಯವರ ಮುಖವೂ ನನಗೆ ಈಗ ನೆನಪಿಲ್ಲ. ಆದರೆ ಅವರನ್ನು ನೆನೆಸದೆ ನಾನು ಊಟಕ್ಕೆ ಕೂತದ್ದು ಕಡಿಮೆ.

ಜಮಖಂಡಿಯ ಡಾಕ್ಟರನ್ನು ನೋಡಿ ನನ್ನ ಎದೆ ಧಸಕ್ಕೆಂದಿತು. ಕಡ್ಡಿಯಂಥ ಹುಡುಗ, ಗಾಳಿ ಬಂದರೆ ಹಾರಿಹೋಗುವಂತಿದ್ದ. ಇವನೇನು ನನ್ನ ಕಾಲು ಎಳೆದಾನು ಅನ್ನಿಸಿತು. ಆತ ಬಂದವನೇ ನನ್ನ ಪಾದ ಹಿಡಿದು, "ಅಕ್ಕಾರ, ಬೆರಳು ಆಡಸ್ರಿ. ಪಾದ ಮ್ಯಾಲೆ ಎತ್ರಿ. ಇಲ್ಲಿ ಮುಟ್ಟಿದ್ದು ಗೊತ್ತಾಗತೈತೇನ್ರಿ?" ಎಂದು ಕೇಳಿದ. ಬೆರಳು ಆಡಿದವು. ಆತನ ಮುಖ ಸ್ವಲ್ಪ ಸಡಿಲವಾಯಿತು.

"ಒಳಕಲ್ಲು ನೋಡೀರಲ್ರಿ?" ಎಂದು ಶುರುಮಾಡಿದ. "ಕುಣಿ ಇರತೈತಿ, ಕುಣಿಯಾಗ ಗುಂಡು. ನಿಮ್ಮ ತೊಡಿ ಎಲುಬಿನ ತುದಿ ಅಂಥಾ ಗುಂಡು, ಚಪ್ಪಿಯಾಗ ಅದಕ್ಕೊಂದು ಕುಣಿ. ಮೊಣಕಾಲಿಗೆ ಏಟು ಬಿದ್ದು ಗುಂಡು ಕುಣಿ ಬಿಟ್ಟು ಹಿಂದಕ್ಕ ಹಾರೈತಿ. ಎಲುಬು ಮುರದಿಲ್ಲ, ಪುಣ್ಯಾ ಮಾಡೀರಿ."

"ಮುರದಿಲ್ಲಂದ್ರ ಇಷ್ಟ್ಯಾಕ ಗಡಿಬಿಡಿರಿ?" ಎಂದು ನನ್ನ ಗಂಡ ಕೇಳಿದರು.

"ಗುಂಡಿಗೆ ರಕ್ತ ಹೋಗೋ ದಾರಿ ಭಾಳ ಸಣ್ಣದೈತ್ರಿ. ಹೊರಗ ಇರೋ ಅಷ್ಟು ಹೊತ್ತು ಅದು ಹಿಂಡಿಕೊಂಡಿರತೈತಿ. ಆರು ತಾಸಿನೊಳಗ ಕೂಡಿಸಿದ್ರ ಛಲೋ. ತಡಾ ಆದಷ್ಟು ಗುಂಡು ಸಾಯೋ ಹೆದರಿಕಿ ಜಾಸ್ತಿ."

ಅಪಘಾತ ಆದದ್ದು ಬೆಳಿಗ್ಗೆ, ಅಷ್ಟು ಹೊತ್ತಿಗೆ ಮಧ್ಯಾಹ್ನವಾಗಿತ್ತು. ದಾರಿಯಲ್ಲಿ ಕಬ್ಬಿನ ಗಾಡಿಗಳ ಸಾಲಿನಲ್ಲಿ ಆಂಬುಲೆನ್ಸ್ ಸಿಕ್ಕಿಬಿದ್ದು ಕೂಗಿದ್ದು ಕೂಗಿದ್ದೇ. ಎಲುಬೂ ಸಾಯುತ್ತದೆ ಎಂಬುದು ನನಗೆ ಅವತ್ತಿನವರೆಗೆ ಗೊತ್ತಿರಲಿಲ್ಲ. ಮನುಷ್ಯ ಸತ್ತ ಮೇಲೂ ಉಳಿಯುವುದು ಎಲುಬು ಎಂದು ತಿಳಿದಿದ್ದವಳು ನಾನು.

ಅರಿವಳಿಕೆ ಕೊಟ್ಟ ಮೇಲೆ ಆದದ್ದನ್ನು ನರ್ಸ್ ಆಮೇಲೆ ನಗುತ್ತ ಹೇಳಿದಳು. ಇಬ್ಬರು ನನ್ನ ಟೊಂಕವನ್ನು ಒತ್ತಿ ಹಿಡಿದರಂತೆ. ಆ ಕಡ್ಡಿ ಡಾಕ್ಟರು ನನ್ನ ಮಂಚದ ಮೇಲೇ ಹತ್ತಿ ನಿಂತು, ನನ್ನ ಮೊಣಕಾಲು ಮಡಚಿ, ತೊಡೆಯನ್ನು ಮೇಲಕ್ಕೆ, ಅಂದರೆ ತಮ್ಮ ಕಡೆಗೆ, ನಿಧಾನವಾಗಿ ಎಳೆಯುತ್ತ, ಅತ್ತ ಇತ್ತ ಸಣ್ಣಗೆ ತಿರುಗಿಸಿದರಂತೆ. "ಕಟಕ್ ಅಂತ ಸಪ್ಪಳ ಬಂತ್ರಿ ಟೀಚರ್. ಹೊರಗ ಕುಂತಿದ್ದ ನಿಮ್ಮ ಅತ್ತಿಯರು ಎದ್ದ ನಿಂತ್ರು."

ಎಚ್ಚರವಾದಾಗ ನನ್ನ ಎರಡೂ ಕಾಲುಗಳು ಒಂದರ ಪಕ್ಕ ಒಂದು ಸೀದಾ ಮಲಗಿದ್ದವು. ಎರಡೂ ಒಂದೇ ಉದ್ದ. ಅದನ್ನೇ ನೋಡುತ್ತ ಅತ್ತೆ ಕೂತಿದ್ದರು. ಮತ್ತೆ ಫೋಟೊ ಆಯಿತು, ಕೀಲಿನೊಳಗೆ ಎಲುಬಿನ ಚೂರು ಏನಾದರೂ ಉಳಿದಿದೆಯೇ ಎಂದು ಸಿ.ಟಿ. ಆಯಿತು. ಏನೂ ಇರಲಿಲ್ಲ. ಹುಡುಗ ಎಂದು ಮನಸ್ಸಿನಲ್ಲೇ ಹಗುರ ಮಾಡಿದವರನ್ನು ಅವತ್ತಿನಿಂದ ಸರ್ ಎನ್ನತೊಡಗಿದೆ.

ಆದರೆ ಅವರು ನನ್ನನ್ನು ಪೂರ್ತಿ ನೆಮ್ಮದಿಯಾಗಿ ಬಿಡಲಿಲ್ಲ. "ಕೂಡಿಸಿದ್ದು ಆತ್ರಿ ಅಕ್ಕಾರ. ಗುಂಡು ಬದುಕತೈತೋ ಇಲ್ಲೋ ಇವತ್ತ ಯಾರಿಗೂ ಗೊತ್ತಾಗೂದಿಲ್ಲ. ಕೆಲವು ತಿಂಗಳು ಹೋಗಲಿ, ಎಂ.ಆರ್.ಐ. ತೆಗೆಸೋಣ. ರಕ್ತ ನಿಂತಿದ್ರ ಗುಂಡು ಕುಸೀತೈತಿ, ಆಗ ಕೀಲು ಬದಲಿಸಬೇಕಾಗತೈತಿ." ದಿನವಿಡೀ ಹಲಗೆಯ ಮುಂದೆ ನಿಲ್ಲುವ ಕೆಲಸ ನನ್ನದು, ನಿವೃತ್ತಿಗೆ ಇನ್ನೂ ಎಷ್ಟೋ ವರ್ಷ. ನನಗೆ ಹೆದರಿಕೆಯಾಯಿತು. ಬಾಯಿ ಜೋರಿದ್ದವರಿಗೆ ಹೆದರಿಕೆ ಇಲ್ಲ ಎಂದು ಯಾರು ಹೇಳಿದರು?

ನಿಯಮಗಳನ್ನು ಹೇಳಿದರು. ನೆಲಕ್ಕೆ ಕೂರಬಾರದು. ಕಾಲ ಮೇಲೆ ಕಾಲು ಹಾಕಬಾರದು. ಗಿಡ್ಡ ಸ್ಟೂಲು ಬೇಡ, ಕಮೋಡಿನ ಕುರ್ಚಿ ಬೇಕು. ಮಲಗುವಾಗ ತೊಡೆಗಳ ನಡುವೆ ದಿಂಬು. ಟೊಂಕ ಮುಂದಕ್ಕೆ ಬಾಗಿಸಬಾರದು. ಎಲ್ಲವನ್ನೂ ಗಮನವಿಟ್ಟು ಕೇಳಿದ ಅತ್ತೆ ಕೊನೆಗೆ ಒಂದು ಪ್ರಶ್ನೆ ಹಾಕಿದರು.

"ಮತ್ತ ಕಾಲು ಬೀಳೋದು?"

"ಯಾರಿಗೆ ಆಯಿ?"

"ಯಾರಿಗ್ಯಾರ? ದೇವರಿಗೆ, ಮಠದ ಅಜ್ಜಾರಿಗೆ, ಹಿರ್ಯಾರಿಗೆ. ನನಗ!"

ಡಾಕ್ಟರು ನಗು ತಡೆದುಕೊಂಡು ತಾವೇ ಅರ್ಧ ಬಾಗಿ ತೋರಿಸಿದರು. "ಹಿಂಗ ಬಾಗಿ, ಮೊಣಕಾಲು ಒಳಗ ತಿರುಗಿಸಿದ್ರ ಗುಂಡು ಮತ್ತ ಹಾರಿಕೊಂಡು ಹೋಗತೈತಿ ಆಯಿ. ಕಾಲು ಬೀಳೋದು ಪೂರಾ ಬಂದ್. ನಾ ಹೇಳೋತನ."

ಅತ್ತೆ ನನ್ನ ಕಾಲನ್ನೊಮ್ಮೆ ನೋಡಿದರು. ನಮ್ಮ ಮನೆ ಗೊತ್ತಿದ್ದವರಿಗೆ ಆ ನಿಯಮ ಎಷ್ಟು ದೊಡ್ಡದು ಎಂದು ಗೊತ್ತಾಗುತ್ತದೆ. ಹಬ್ಬಕ್ಕೆ ಕಾಲು ಬೀಳಬೇಕು, ಹೊಸ ಸೀರೆ ಉಟ್ಟರೆ ಬೀಳಬೇಕು, ತವರಿಗೆ ಹೋಗುವಾಗ, ಬರುವಾಗ, ಮಕ್ಕಳ ರಿಸಲ್ಟಿನ ದಿನ, ಹೊಸ ಮಗ್ಗ ತಂದ ದಿನ. ಕೈ ಮುಗಿದರೆ ಅತ್ತೆಗೆ ಸಾಲದು. "ಕೈ ಮುಗಿಯೋದು ಇಲೆಕ್ಷನ್ನಿಗೆ ನಿಂತವರು. ಮನಿ ಮಂದಿ ಬಾಗಬೇಕು," ಎನ್ನುವವರು. ನಾನು ಒಳಗೊಳಗೆ ಗೊಣಗುತ್ತಲೇ ಬಾಗುತ್ತಿದ್ದೆ. ಬಾಗಿ ಬಾಗಿ ಅದು ಕಣ್ಣು ಪಿಳುಕಿಸಿದಷ್ಟು ರೂಢಿಯಾಗಿತ್ತು.

ಮನೆಗೆ ಬಂದ ಮೇಲೆ ಮಾತಾಡಿಸಲು ಬರುವವರ ಸಾಲು ಹತ್ತಿತು. ರಬಕವಿಯಿಂದ, ಮಹಾಲಿಂಗಪುರದಿಂದ, ಹಿಪ್ಪರಗಿಯಿಂದ ಬಾಳೆಹಣ್ಣು, ಬಿಸ್ಕಿಟು, ಎಳನೀರು ಹಿಡಿದುಕೊಂಡು ಬಂದರು. ಬಂದವರಲ್ಲಿ ಅರ್ಧ ಮಂದಿ ನನಗಿಂತ ಹಿರಿಯರು. ಅವರನ್ನು ಕಂಡ ಕೂಡಲೇ ನನ್ನ ಬೆನ್ನು ತಾನಾಗಿ ಬಾಗಲು ಹೊರಡುತ್ತಿತ್ತು. ಅದಕ್ಕೆ ಅತ್ತೆ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು.

"ಒಳಗ ಹೋಗ್ರಿ, ಮಾತಾಡಸ್ರಿ, ಆಶೀರ್ವಾದ ಮಾಡ್ರಿ. ಆದ್ರ ಆಕಿ ಮುಂದ ಹೋಗಿ ಕಾಲು ಚಾಚಿ ನಿಲ್ಲಬ್ಯಾಡ್ರಿ. ಆಕಿ ಬಾಗಂಗಿಲ್ಲ. ಗುಂಡು ಜಿಗೀತೈತಿ."

"ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ ಅಂತಾರಲ್ಲ, ಖರೆ ನೋಡ್ರಿ," ಎಂದು ಪಕ್ಕದ ಮನೆಯಾಕೆ ಚುಚ್ಚಿದಳು.

"ಹೌದವ್ವಾ. ನಿನ್ನ ಕಾಲ ಬರೋತನ ಹೊರಗ ಕುಂಡ್ರು," ಎಂದರು ಅತ್ತೆ. ನನ್ನ ಬಾಯಿ ಈ ಮನೆಗೆ ಬಂದ ಮೇಲೆ ಜೋರಾಯಿತೋ ಏನೋ ಎಂದು ಅವತ್ತು ನನಗೆ ಅನುಮಾನ ಬಂತು.

ನನ್ನ ಪಾದ ನನಗೇ ಎಟುಕುತ್ತಿರಲಿಲ್ಲ. ಬಾಗದೆ ಪಾದ ತೊಳೆಯುವುದು ಹೇಗೆ? ಗಂಡ ಮಗ್ಗದ ಕೆಲಸಕ್ಕೆ ಹೋದ ಮೇಲೆ ಅತ್ತೆ ಎದುರಿಗೆ ಕುರ್ಚಿ ಹಾಕಿಕೊಂಡು, ನನ್ನ ಕಾಲನ್ನು ಮೆಲ್ಲಗೆ ತಮ್ಮ ಕಡೆ ಚಾಚಿಸಿಕೊಂಡು, ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಮೊದಲ ದಿನ ನಾನು ಒಲ್ಲೆನೆಂದು ಕೊಸರಾಡಿದೆ.

"ಅತ್ತೀ, ನೀವು ನನ್ನ ಕಾಲು ಮುಟ್ಟಬ್ಯಾಡ್ರಿ. ನನಗ ಪಾಪ ಬರತೈತಿ."

"ಪಾಪದ ವಿಚಾರ ಆಮ್ಯಾಲೆ ನೋಡೋಣಂತ. ಬೆರಳಿನ ಸಂದ್ಯಾಗ ಒದ್ದಿ ಉಳದ್ರ ಹುಣ್ಣಾಗತೈತಿ. ಕಾಲು ಅಳ್ಳಾಡಿಸಬ್ಯಾಡ."

ಒಂದೊಂದೇ ಬೆರಳನ್ನು ಬಿಡಿಸಿ ಒರೆಸುತ್ತಿದ್ದರು, ಸೊಟ್ಟ ಕೈಯಿಂದ. ಒಂದು ದಿನ ಒರೆಸುವುದನ್ನು ನಡುವೆಯೇ ನಿಲ್ಲಿಸಿದರು. "ನನ್ನ ಮೊಣಕಾಲಿಗೆ ಜಾಗಾ ಬಿಡಾಕ ಹೋಗಿ ನಿನ್ನ ಕಾಲಿಗೆ ಕೇಡಾತು," ಎಂದರು. ಸೆರಗಿನಿಂದ ಕಣ್ಣು ಒರೆಸಿಕೊಂಡರು. ಯಾವತ್ತೂ ನನ್ನ ಮುಂದೆ ಅತ್ತವರಲ್ಲ. ನಾನು ಏನಾದರೂ ಗಟ್ಟಿಯಾಗಿ ಅನ್ನಬೇಕೆಂದುಕೊಂಡೆ. ಕೊನೆಗೆ, "ಏನ್ ಕೇಡು? ಮನಿಯಾಗ ಕುಂತ ತಿನ್ನಾಕತ್ತೇನಿ, ನೀವು ರೊಟ್ಟಿ ಬಡದು ಹಾಕಾಕತ್ತೀರಿ," ಎಂದೆ. ಇಬ್ಬರೂ ನಕ್ಕೆವು, ಇಬ್ಬರಿಗೂ ಕಣ್ಣಲ್ಲಿ ನೀರು. ತವರಿನಲ್ಲೂ ನನಗೆ ಇಂಥ ಆರೈಕೆ ಸಿಕ್ಕಿರಲಿಲ್ಲ. ಇದನ್ನು ಅವರಿಗೆ ಬಾಯಿಬಿಟ್ಟು ಹೇಳಲು ಅವತ್ತು ಆಗಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಸಂಕ್ರಾಂತಿಯ ದಿನ ಎಡವಟ್ಟಾಯಿತು. ಮಠದ ಅಜ್ಜನವರು, ನಮ್ಮ ಸ್ವಾಮಿಗಳು, ನನ್ನನ್ನು ನೋಡಲೆಂದೇ ಬಂದರು. ಮನೆಯವರೆಲ್ಲ ಕುಸುರೆಳ್ಳು ಕೊಟ್ಟು ಅವರ ಕಾಲಿಗೆ ಬೀಳುತ್ತಿದ್ದಾರೆ. ನಾನು ವಾಕರ್ ಹಿಡಿದು ಪಕ್ಕದಲ್ಲಿ ನಿಂತವಳು, ಯಾವಾಗ ವಾಕರ್ ಬಿಟ್ಟೆನೋ, ಯಾವಾಗ ಬಾಗಿದೆನೋ ಗೊತ್ತೇ ಇಲ್ಲ. ತುರುಬಿಗೆ ಕೈ ಬಿತ್ತು. ಅತ್ತೆ ತುರುಬು ಹಿಡಿದು ನನ್ನನ್ನು ಮೇಲಕ್ಕೆ ಎಳೆದಿದ್ದರು!

"ಏಯ್! ಬುದ್ಧಿ ಐತಿಲ್ಲ ನಿನಗ?" ಎಂದು ನನಗೆ ಬೈದು, ಅಜ್ಜನವರ ಕಡೆ ತಿರುಗಿ, "ತಪ್ಪು ತಿಳೀಬ್ಯಾಡ್ರಿ ಅಜ್ಜಾರ. ನೀವ ಸ್ವಲ್ಪ ಹಿಂದ ಸರೀರಿ," ಎಂದರು.

ಮಠದ ಅಜ್ಜನವರಿಗೆ ಹಿಂದೆ ಸರಿಯಿರಿ ಎಂದವರು ನಮ್ಮ ಓಣಿಯಲ್ಲಿ ಅದುವರೆಗೆ ಯಾರೂ ಇರಲಿಲ್ಲ. ಅವರು ನಗುತ್ತ ನಿಜವಾಗಿಯೇ ಹಿಂದೆ ಸರಿದರು. "ನಿಂತ ನಮಸ್ಕಾರಾನೂ ಮುಟ್ಟತೈತಿ ತಂಗಿ," ಎಂದು ನನ್ನ ತಲೆಯ ಮೇಲೆ ಕೈಯಿಟ್ಟರು. ನನಗೆ ಚಪ್ಪೆಯಲ್ಲಿ ಚಳಕು ಹೊಡೆದಿತ್ತು. ಮರುದಿನವೇ ಜಮಖಂಡಿಗೆ ಹೋಗಿ ಫೋಟೊ ತೆಗೆಸಿದೆವು. ಗುಂಡು ಕುಣಿಯಲ್ಲೇ ಇತ್ತು.

ವಾಕರ್ ಹೋಗಿ ಕೋಲು ಬಂತು, ಕೋಲೂ ಹೋಯಿತು. ಶಾಲೆಗೆ ಹೋಗತೊಡಗಿದೆ, ಮಕ್ಕಳು ನನಗೆ ಕುರ್ಚಿ ಹಾಕಿಕೊಟ್ಟರು. ಎಂ.ಆರ್.ಐ. ಚಿತ್ರ ತೆಗೆಸುವವರೆಗೆ ಬಾಗುವುದೂ ನೆಲಕ್ಕೆ ಕೂರುವುದೂ ಬೇಡ ಎಂದೇ ಡಾಕ್ಟರು ಹೇಳಿದ್ದರು. ಅತ್ತೆ ದಿನಾ ಬೆಳಿಗ್ಗೆ, "ಗುಂಡು ಹೆಂಗೈತಿ?" ಎಂದು ಕೇಳುವರು, ಮನೆಯಲ್ಲಿ ಹಸುಗೂಸು ಇದೆಯೋ ಎಂಬಂತೆ. "ಮಲಗೈತ್ರಿ," ಎಂದು ನಾನು ನಗಿಸುತ್ತಿದ್ದೆ. ಆದರೆ ಬೇಸಿಗೆಯ ಕೊನೆಗೆ ತೊಡೆಸಂದಿನಲ್ಲಿ ಸಣ್ಣ ನೋವು ಶುರುವಾಯಿತು. ಗುಂಡು ಸಾಯುವಾಗ ಅಲ್ಲೇ ನೋಯುತ್ತದೆ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ನಾನು ಯಾರಿಗೂ ಹೇಳಲಿಲ್ಲ. ನಾಲ್ಕೇ ದಿನಕ್ಕೆ ಅತ್ತೆ ಹಿಡಿದುಬಿಟ್ಟರು.

"ನಿನ್ನ ಬಾಯಿ ಯಾಕ ಸಣ್ಣದಾಗೈತಿ? ನೋಯಾಕತ್ತೈತಿ ಹೌದಲ್ಲ?"

ಎಂ.ಆರ್.ಐ. ಚಿತ್ರ ಹಿಡಿದು ಜಮಖಂಡಿಗೆ ಹೋದಾಗ ಮುಂಗಾರಿನ ಮೊದಲ ಮಳೆ ಬಿದ್ದಿತ್ತು. ನನ್ನ ಗಂಡ ಕಾರು ನಿಲ್ಲಿಸಲು ಹೋದರು, ನಾನೂ ಅತ್ತೆಯೂ ಒಳಗೆ ಹೋದೆವು. ಡಾಕ್ಟರು ಚಿತ್ರವನ್ನು ದೀಪದ ಹಲಗೆಗೆ ಸಿಕ್ಕಿಸಿ ನೋಡಿದರು. ಒಂದು ಕಡೆಯಿಂದ ನೋಡಿದರು, ಇನ್ನೊಂದು ಹಾಳೆ ಸಿಕ್ಕಿಸಿದರು, ಮತ್ತೆ ಮೊದಲಿನದನ್ನೇ ನೋಡಿದರು. ಯಪ್ಪಾ, ಆ ಹೊತ್ತು ಹೋಗಲೊಲ್ಲದು! ಅತ್ತೆ ಕೊರಳಿನ ಲಿಂಗವನ್ನು ಸೀರೆಯ ಮೇಲಿನಿಂದಲೇ ಹಿಡಿದುಕೊಂಡಿದ್ದರು.

"ಗುಂಡು ಜೀವಂತ ಐತ್ರಿ ಅಕ್ಕಾರ," ಎಂದರು ಡಾಕ್ಟರು, ತಿರುಗಿ. "ಪೂರಾ ಜೀವಂತ. ಈಗಿಂದು ಸ್ನಾಯುವಿನ ನೋವು, ವ್ಯಾಯಾಮ ಮಾಡಿದ್ರ ಹೋಗತೈತಿ. ಮುಂದಿನ ವರ್ಷ ಒಮ್ಮೆ ತೋರಸ್ರಿ, ಅಷ್ಟ. ಇನ್ನ ನೀವು..."

ಅವರು ಮಾತು ಮುಗಿಸುವಷ್ಟರಲ್ಲಿ ನಾನು ಎದ್ದು ನಿಂತಿದ್ದೆ. ಥ್ಯಾಂಕ್ಸ್ ಎನ್ನಲೂ ಬಾಯಿ ಬರಲಿಲ್ಲ, ನನ್ನಂಥವಳಿಗೆ! ಬೆನ್ನು ಮಾತ್ರ ಬಾಗಲು ಹೊರಟಿತು. ಅತ್ತೆಯ ಕೈ ನನ್ನ ಭುಜದ ಮೇಲೆ ಬಂತು.

"ನೀ ನಿಲ್ಲು ಬೇ," ಎಂದರು.

ಮೇಜಿನ ಅಂಚು ಹಿಡಿದುಕೊಂಡು ಆ ಕಡೆ ಹೋದರು. ಮೆಲ್ಲಗೆ ಒಂದು ಮೊಣಕಾಲು ಊರಿದರು, ಇನ್ನೊಂದು ಊರಿದರು. ಆಮೇಲೆ ಆ ಹುಡುಗನ ಎರಡೂ ಬೂಟುಗಳ ಮೇಲೆ ಹಣೆಯಿಟ್ಟರು.

ಡಾಕ್ಟರು ಹೌಹಾರಿ ಗೋಡೆಗೆ ಒತ್ತಿ ನಿಂತರು. "ಆಯಿ! ಏನ್ ಮಾಡಾಕತ್ತೀರಿ! ನಾ ನಿಮ್ಮ ಮೊಮ್ಮಗನ ವಾರಿಗಿಯಂವ!"

"ಆಕಿ ಬಾಗಬಾರ್ದು ಅಂತ ನೀವ ಹೇಳೀರಿ. ಆಕಿ ಬದಲಿ ನಾ ಬೀಳಾಕತ್ತೇನಿ," ಎಂದು ಕೆಳಗಿನಿಂದ ಅತ್ತೆಯ ದನಿ ಬಂತು.

"ಇನ್ನ ಮ್ಯಾಲೆ ಆಕಿ ಬಾಗಬಹುದು ಆಯಿ! ಅದನ್ನ ಹೇಳಾಕತ್ತಿದ್ದೆ ನಾ!"

"ಮೊದಲ ಹೇಳಾಕ ಏನಾಗಿತ್ತು ನಿಮಗ?" ಎಂದು ಅತ್ತೆ ಅಲ್ಲಿಂದಲೇ ಗದರಿದರು. ಏಳಲು ನೋಡಿದರು, ಆಗಲಿಲ್ಲ. ಮತ್ತೊಮ್ಮೆ ನೋಡಿದರು.

ಡಾಕ್ಟರು ಕೈ ಚಾಚಿದರು. "ಸರೀರಿ ಸರ್, ನಾ ಎಬ್ಬಸತೇನಿ," ಎಂದೆ. ಬಾಗಿದೆ. ಟೊಂಕ ಬಾಗಿತು, ತೊಡೆ ಮಡಚಿತು, ಇಷ್ಟು ತಿಂಗಳು ದೂರವಿದ್ದ ನೆಲ ಹತ್ತಿರ ಬಂತು. ಅತ್ತೆಯ ಎರಡೂ ಕಂಕುಳಿಗೆ ಕೈ ಹಾಕಿ, "ಗಟ್ಟಿ ಹಿಡಕೋರಿ ಅತ್ತೀ," ಎಂದೆ. ಅವರು ನನ್ನ ಕೊರಳಿಗೆ ಜೋತುಬಿದ್ದರು. ಅವರ ಭಾರವೆಲ್ಲ ನನ್ನ ಬಲಗಾಲಿನ ಮೇಲೆ ಬಂತು, ಕಾಲು ತಡೆಯಿತು.